ಎಳೆ ಬಿಡುವ ಕುಂಬಳಕ್ಕೆ ಹಣ್ಣಿನ ಗೊಜ್ಜು

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅಮೆರಿಕದ ಸೂಪರ್‌ಮಾರ್ಕೆಟ್ಟುಗಳ ಬಾಗಿಲ ಬಳಿ ದೊಡ್ಡ ದೊಡ್ಡ ರಟ್ಟಿನ ತೊಟ್ಟಿಗಳು ಬಂದು ಕೂರುತ್ತವೆ. ಅವುಗಳ ತುಂಬ ಕುಂಬಳದ ಬಳಗ: ಕುತ್ತಿಗೆ ಉದ್ದದ ಬಟರ್‌ನಟ್, ಕಡುಹಸಿರಿನ ಏಕಾರ್ನ್, ಪಟ್ಟೆಪಟ್ಟೆಯ ಡೆಲಿಕಾಟಾ. ಇವುಗಳ ನಡುವೆ ಮಾಸಲು ಹಳದಿ ಬಣ್ಣದ, ನುಣುಪು ಸಿಪ್ಪೆಯ, ಮೊಳಕ್ಕಿಂತ ಗಿಡ್ಡವಾದ ಕಾಯಿಯೊಂದು ಇರುತ್ತದೆ. ಹೊರಗಿನಿಂದ ನೋಡಿದರೆ ಅದರಲ್ಲಿ ವಿಶೇಷವೇನೂ ಕಾಣದು. ಬೇಯಿಸಿ ಫೋರ್ಕಿನಿಂದ ಕೆರೆದಾಗ ಮಾತ್ರ ಅದರ ತಿರುಳು ಆಗಷ್ಟೇ ಒತ್ತಿದ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅಂಗಡಿಯವರು ಅದನ್ನು ಸ್ಪಗೆಟಿ ಸ್ಕ್ವಾಷ್ ಎಂದು ಮಾರುತ್ತಾರೆ.

ಆ ಹೆಸರೇ ಅದಕ್ಕೆ ಮುಳುವು. ಮೊದಲ ಸಲ ಮನೆಗೆ ತಂದವರು ಹೆಸರನ್ನು ನಂಬಿ ಕಾಯನ್ನು ಉದ್ದಕ್ಕೆ ಸೀಳುತ್ತಾರೆ, ಮೆತ್ತಗಾಗುವವರೆಗೆ ಬೇಯಿಸುತ್ತಾರೆ, ಬಾಟಲಿಯ ಟೊಮೆಟೊ ಸಾಸ್ ಸುರಿದು ಪಾಸ್ತಾ ಎಂದು ಬಡಿಸುತ್ತಾರೆ. ಐದು ನಿಮಿಷದಲ್ಲಿ ತಟ್ಟೆಯ ತಳದಲ್ಲಿ ಕೆಂಪು ನೀರು ನಿಲ್ಲುತ್ತದೆ, ಮೇಲೆ ಚಪ್ಪೆ ನಾರು ಉಳಿಯುತ್ತದೆ. ಇದು ಪಾಸ್ತಾ ಅಲ್ಲವೇ ಅಲ್ಲ ಎಂದು ಮಕ್ಕಳು ತಟ್ಟೆ ದೂಡುತ್ತಾರೆ. ಮಕ್ಕಳು ಹೇಳುವುದು ಸರಿಯಾಗಿಯೇ ಇದೆ.

ಪಾಸ್ತಾ ಎಂಬ ಆಸೆ ಬಿಟ್ಟು, ಎಳೆ ಬಿಡುವ ಒಂದು ತರಕಾರಿ ಎಂದಷ್ಟೇ ಇದನ್ನು ಕಂಡರೆ ಅಡುಗೆಯ ದಾರಿಯೇ ಬದಲಾಗುತ್ತದೆ. ಆಗ ಇದಕ್ಕೆ ತಕ್ಕ ಜೋಡಿ ಹುಳಿ-ಸಿಹಿ ಬೆರೆತ, ಗಟ್ಟಿಯಾದ ಹಣ್ಣಿನ ಸಾಸ್. ಅನಾನಸ್ ಗೊಜ್ಜು, ಮಾವಿನಹಣ್ಣಿನ ಸಾಸಿವೆ ತಿಂದು ಬೆಳೆದ ನಾಲಿಗೆಗೆ ಹಣ್ಣಿಗೆ ಉಪ್ಪು ಖಾರ ಹಾಕುವುದು ಹೊಸತೇನಲ್ಲ. ಆದರೂ ಈ ಜೋಡಿ ಯಾಕೆ ಕೂಡಿಬರುತ್ತದೆ ಎಂಬುದಕ್ಕೆ ರುಚಿಯನ್ನು ಮೀರಿದ ಕಾರಣವೊಂದಿದೆ. ಅದನ್ನು ತಿಳಿಯಲು ಮೊದಲು ಈ ಕಾಯಿ ಎಲ್ಲಿಂದ ಬಂತು, ಒಳಗೆ ಹೇಗಿದೆ ಎಂದು ನೋಡಬೇಕು.

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಕುಕುರ್ಬಿಟಾ ಪೆಪೊ. ಝುಕೀನಿ, ಏಕಾರ್ನ್, ಹ್ಯಾಲೋವೀನ್ ಹಬ್ಬಕ್ಕೆ ಕಣ್ಣು ಮೂಗು ಕೊರೆಯುವ ಕಿತ್ತಳೆ ಕುಂಬಳ ಎಲ್ಲವೂ ಇದೇ ಜಾತಿಯವು. ಈ ಜಾತಿಯನ್ನು ಮನುಷ್ಯ ಒಗ್ಗಿಸಿಕೊಂಡ ಅತಿ ಹಳೆಯ ಕುರುಹು ಸಿಕ್ಕಿರುವುದು ಮೆಕ್ಸಿಕೊದ ಓಹಾಕಾ ಪ್ರಾಂತ್ಯದ ಗಿಲಾ ನಾಕಿಟ್ಸ್ ಗುಹೆಯಲ್ಲಿ. ಸ್ಮಿತ್ಸೋನಿಯನ್ ಸಂಸ್ಥೆಯ ಪುರಾತತ್ವಜ್ಞ ಬ್ರೂಸ್ ಸ್ಮಿತ್ 1997ರಲ್ಲಿ ಅಲ್ಲಿನ ಬೀಜ, ತೊಟ್ಟು, ಸಿಪ್ಪೆಗಳನ್ನು ಪರೀಕ್ಷಿಸಿ, ಅವು ಸುಮಾರು 10,000 ವರ್ಷ ಹಿಂದಿನವು ಎಂದು ತೋರಿಸಿದರು. ಅಲ್ಲಿನ ಜನ ಮುಸುಕಿನ ಜೋಳಕ್ಕಿಂತ ಮೊದಲು ಕುಂಬಳ ಬೆಳೆದಿದ್ದರು ಎಂದಾಯಿತು. ಕಾಡು ಕುಂಬಳದ ತಿರುಳು ಬಾಯಿಗಿಡಲಾರದಷ್ಟು ಕಹಿ. ಹಾಗಾಗಿ ಆಗಿನವರಿಗೆ ಬೇಕಿದ್ದುದು ಬೀಜ, ಮತ್ತು ಒಣಗಿದ ಮೇಲೆ ಪಾತ್ರೆಯಾಗಿ ಒದಗುವ ಗಟ್ಟಿ ಸಿಪ್ಪೆ ಎಂಬುದು ಬಹುಮಂದಿ ವಿದ್ವಾಂಸರ ಎಣಿಕೆ.

ಕೊಲಂಬಸನ ನಂತರ ಹಡಗುಗಳ ಜೊತೆ ಜಗತ್ತು ಸುತ್ತಿದ ಗಿಡಗಳಲ್ಲಿ ಮೆಣಸಿನಕಾಯಿ, ಟೊಮೆಟೊಗಳಂತೆ ಕುಂಬಳವೂ ಒಂದು. ನಮ್ಮ ಸಂತೆಯ ಸಿಹಿಗುಂಬಳದ ಮೂಲವೂ ಅಮೆರಿಕ ಖಂಡವೇ. ದೃಷ್ಟಿ ತೆಗೆಯಲು ಒಡೆಯುವ ಬೂದುಗುಂಬಳ ಮಾತ್ರ ಏಷ್ಯಾದ ಹಳೆಯ ನಿವಾಸಿ, ಅದರ ಕುಲವೇ ಬೇರೆ. ಹೀಗೆ ಚೀನಾ ತಲುಪಿದ ಪೆಪೊ ಕುಂಬಳಗಳಲ್ಲಿ ಎಳೆ ಬಿಡುವ ತಳಿಯೊಂದು ಬೇರೂರಿತು. 19ನೆಯ ಶತಮಾನದಲ್ಲಿ ಅದು ಈಶಾನ್ಯ ಚೀನಾದ ಮಂಚೂರಿಯದಲ್ಲಿ ಬೆಳೆಯುತ್ತಿತ್ತು. ಅಲ್ಲಿಂದ ಜಪಾನಿಗೆ ಹೋಗಿ, ಯೊಕೊಹಾಮಾದ ಸಕಾಟಾ ಬೀಜ ಕಂಪನಿಯ ಕೈಯಲ್ಲಿ ಸುಧಾರಿಸಿ, 1930ರ ದಶಕದಲ್ಲಿ ಫಿಲಡೆಲ್ಫಿಯಾದ ಬರ್ಪಿ ಕಂಪನಿಯ ಬೀಜದ ಪಟ್ಟಿಯಲ್ಲಿ ‘ವೆಜಿಟೇಬಲ್ ಸ್ಪಗೆಟಿ’ ಎಂಬ ಹೆಸರು ಹೊತ್ತು ಅಮೆರಿಕಕ್ಕೆ ಬಂತು. ಮೆಕ್ಸಿಕೊದ ಕೂಸು ಪೆಸಿಫಿಕ್ ಸಾಗರವನ್ನು ಬಳಸಿಕೊಂಡು ಪಕ್ಕದ ಮನೆಗೆ ಬಂದ ಹಾಗಾಯಿತು.

ಬಂದ ಮೇಲೂ ದಶಕಗಟ್ಟಲೆ ಅದು ಹಿತ್ತಿಲಿನ ಕುತೂಹಲದ ಬೆಳೆಯಾಗಿಯೇ ಉಳಿಯಿತು. ಅಂಗಡಿಯ ಕಟ್ಟೆಗೆ ಏರಿಸಿದವರಲ್ಲಿ ಮುಖ್ಯರು ಫ್ರೀಡಾ ಕ್ಯಾಪ್ಲನ್. ಲಾಸ್ ಏಂಜಲೀಸಿನ ಸಗಟು ತರಕಾರಿ ಮಾರುಕಟ್ಟೆ ಪೂರ್ತಿ ಗಂಡಸರದ್ದಾಗಿದ್ದ ಕಾಲದಲ್ಲಿ, 1962ರಲ್ಲಿ, ಆಕೆ ಸ್ವಂತ ಕಂಪನಿ ತೆರೆದರು. ಅಮೆರಿಕನ್ನರಿಗೆ ಕಿವಿ ಹಣ್ಣಿನ ರುಚಿ ಹತ್ತಿಸಿದವರು ಅವರೇ. 1970ರ ದಶಕದಲ್ಲಿ ಸ್ಪಗೆಟಿ ಸ್ಕ್ವಾಷ್ ಕೂಡ ಅವರ ಪಟ್ಟಿ ಸೇರಿತು. ಹೊಸ ತರಕಾರಿಗೆ ಹೆಸರಿನ ಚೀಟಿ ಅಂಟಿಸಿ, ಬೇಯಿಸುವ ವಿಧಾನವನ್ನೂ ಬರೆದು ಕೊಟ್ಟರೆ ಗೃಹಿಣಿಯರು ಹೆದರದೆ ಕೊಳ್ಳುತ್ತಾರೆ ಎಂಬ ಅವರ ಲೆಕ್ಕ ಫಲಿಸಿತು. ಕ್ಯಾಪ್ಲನ್ 2020ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಒಳಗಿನ ರಚನೆ. ಮೊದಲು ನೋಡುವವರು ಎಳೆಗಳು ಕಾಯಿಯ ಉದ್ದಕ್ಕೆ, ತೊಟ್ಟಿನಿಂದ ತುದಿಗೆ ಓಡುತ್ತವೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅವು ಬೀಜದ ಗೂಡಿನ ಸುತ್ತ ಬಳೆಬಳೆಯಾಗಿ, ಅಡ್ಡಡ್ಡ ಸುತ್ತಿಕೊಂಡಿವೆ. ಕಾಯನ್ನು ಉದ್ದಕ್ಕೆ ಸೀಳಿದರೆ ಪ್ರತಿಯೊಂದು ಎಳೆಯೂ ಎರಡು ಕಡೆ ಕತ್ತರಿಸಿ ಗಿಡ್ಡವಾಗುತ್ತದೆ. ಅಡ್ಡಕ್ಕೆ ಕೊಯ್ದು ಬಿಲ್ಲೆ ಮಾಡಿದರೆ ಎಳೆ ಇಡಿಯಾಗಿ ಉಳಿಯುತ್ತದೆ. ಅಡುಗೆ ಪುಸ್ತಕಗಳು ಹಲವು ವರ್ಷ ಉದ್ದಕ್ಕೆ ಸೀಳುವುದನ್ನೇ ಹೇಳಿಕೊಟ್ಟವು. ಟ್ರೇ ಮೇಲೆ ದೋಣಿಯಂತೆ ಕೂತು ಫೋಟೊಕ್ಕೆ ಚೆಂದ ಕಾಣುವುದು ಬಿಟ್ಟರೆ ಆ ಪದ್ಧತಿಗೆ ಸಮರ್ಥನೆ ಕಡಿಮೆ.

ಎಳೆ ಬಿಡಿಸುವ ಕೆಲಸ ಬಿಸಿಯದು. ಗಿಡದ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಪದಾರ್ಥ. ಬೇಯುವಾಗ ಅದು ಕರಗಿ, ಎಳೆ ಮತ್ತು ಎಳೆಯ ನಡುವಿನ ಹಿಡಿತ ಸಡಿಲಾಗುತ್ತದೆ. ಬೆಂದದ್ದು ಸಾಲದಿದ್ದರೆ ಎಳೆಗಳು ಬಿಡಿಸಲು ಬಾರದೆ ತುಂಡಾಗುತ್ತವೆ. ಹದ ಮೀರಿದರೆ ಎಳೆಯೇ ಕರಗಿ ಮುದ್ದೆ. ಹಲ್ಲಿಗೆ ಸ್ವಲ್ಪ ಕರುಕುರು ಸಿಗುವ ಹಂತದಲ್ಲಿ ಓವನ್ನಿನಿಂದ ಹೊರಗೆ ತೆಗೆದರೇ ಈ ತರಕಾರಿಗೆ ಮರ್ಯಾದೆ.

ಹುರಿಯುವುದಕ್ಕೆ ಮೊದಲು ಕತ್ತರಿಸಬೇಕಲ್ಲ, ಅಲ್ಲೇ ಬಹಳ ಮಂದಿ ಸೋಲುವುದು. ಬಲಿತ ಕಾಯಿಯ ಸಿಪ್ಪೆಗೆ ಉಗುರು ಒತ್ತಿದರೆ ಗುರುತೂ ಬೀಳದು. ದುಂಡಗಿನ ಕಾಯಿ ಹಲಗೆಯ ಮೇಲೆ ಉರುಳುತ್ತದೆ, ಚಾಕು ಜಾರುತ್ತದೆ. ಸಿಪ್ಪೆಗೆ ಚಾಕುವಿನ ತುದಿಯಿಂದ ಏಳೆಂಟು ಕಡೆ ಚುಚ್ಚಿ, ಇಡೀ ಕಾಯನ್ನು ನಾಲ್ಕು ನಿಮಿಷ ಮೈಕ್ರೊವೇವಿನಲ್ಲಿ ಇಟ್ಟರೆ ಸಿಪ್ಪೆ ಸ್ವಲ್ಪ ಮೆದುವಾಗುತ್ತದೆ. ಚುಚ್ಚುವುದನ್ನು ಮರೆಯುವ ಹಾಗಿಲ್ಲ. ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿ ಕಾಣದೆ ಕಾಯಿ ಸಿಡಿಯಬಹುದು. ಆಮೇಲೆ ತೊಟ್ಟು, ತುದಿ ಎರಡನ್ನೂ ಸವರಿ, ಚಪ್ಪಟೆಯಾದ ಬದಿಯ ಮೇಲೆ ನೆಟ್ಟಗೆ ಒಮ್ಮೆ ನಿಲ್ಲಿಸಿ ನೋಡಿ, ಅಲ್ಲಾಡದಿದ್ದರೆ ಮಲಗಿಸಿ ಒಂದೂವರೆ ಅಂಗುಲ ದಪ್ಪದ ಬಿಲ್ಲೆಗಳನ್ನು ಕೊಯ್ಯಬೇಕು. ಒಂದೂವರೆ ಕಿಲೊ ತೂಗುವ ಕಾಯಿಗೆ ಐದಾರು ಬಿಲ್ಲೆ ಸಿಗುತ್ತವೆ. ನಡುವಿನ ಬೀಜ, ಜಿಬರನ್ನು ಚಮಚದಿಂದ ಕೆರೆದರೆ ಉಳಿಯುವುದು ಹಳದಿ ಬಳೆ. ಬೀಜ ಎಸೆಯುವುದು ಬೇಡ, ಅದರ ಮಾತು ಮುಂದೆ ಬರುತ್ತದೆ.

ಈ ಬಳೆಗಳಲ್ಲಿ ನೂರಕ್ಕೆ 92 ಪಾಲು ನೀರು. ಚಪ್ಪೆತನಕ್ಕೂ ತಟ್ಟೆಯಲ್ಲಿ ನಿಲ್ಲುವ ಕೆಂಪು ನೀರಿಗೂ ಕಾರಣ ಇದೇ. ಬಳೆಗಳ ಎರಡೂ ಮೈಗೆ ಉಪ್ಪು ಉದುರಿಸಿ ಕಾಲು ಗಂಟೆ ಬಿಟ್ಟರೆ ಮೇಲೆ ನೀರಹನಿಗಳು ಮೂಡುತ್ತವೆ. ಹಾಗಲಕಾಯಿಗೆ ಉಪ್ಪು ಹಚ್ಚಿ ಹಿಂಡುವವರಿಗೆ ಈ ನೋಟ ಚಿರಪರಿಚಿತ. ಹಿಂಡದೆ, ಬಟ್ಟೆಯಿಂದ ಒತ್ತಿ ಒರೆಸಿ, ಎಣ್ಣೆ ಸವರಿ, ಟ್ರೇ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, 200 ಡಿಗ್ರಿ ಸೆಲ್ಸಿಯಸ್ಸಿಗೆ ಕಾದ ಓವನ್ನಿನಲ್ಲಿ ಇಡಬೇಕು. ಒಟ್ಟು 30ರಿಂದ 35 ನಿಮಿಷ, ನಡುವೆ ಒಮ್ಮೆ ಮಗುಚಿದರೆ ಒಳ್ಳೆಯದು. ಟ್ರೇ ಮೇಲೆ ಒತ್ತೊತ್ತಾಗಿ ತುಂಬಿದರೆ ಬಳೆಗಳು ತಮ್ಮದೇ ಆವಿಯಲ್ಲಿ ಬೇಯುತ್ತವೆ, ಹುರಿಯುವುದಿಲ್ಲ. ಮೇಲ್ಮೈಯ ನೀರು ಆರಿ ಅಲ್ಲಿನ ಬಿಸಿ 140 ಡಿಗ್ರಿ ದಾಟಿದರೆ ಮಾತ್ರ ಅಂಚು ಕೆಂಪಗಾಗಿ, ಹುರಿದ ವಾಸನೆ ಹುಟ್ಟುತ್ತದೆ. ನೀರಿರುವ ತನಕ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ಗಿರಕಿ ಹೊಡೆಯುತ್ತದೆ. ಕುಕ್ಕರಿನಲ್ಲೋ ಮೈಕ್ರೊವೇವಿನಲ್ಲೋ ಇದನ್ನು ಬೇಗ ಬೇಯಿಸಬಹುದು. ಆದರೆ ಆ ಕಂದು ಅಂಚು ಸಿಗದು, ಮತ್ತು ಈ ಕಾಯಿಗೆ ಸ್ವಂತದ್ದು ಎಂಬ ರುಚಿ ಏನಾದರೂ ಇದ್ದರೆ ಅದು ಆ ಅಂಚಿನಲ್ಲೇ ಇದೆ.

ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಆರಲು ಬಿಡಬೇಕು. ಆರುವಾಗ ಇನ್ನಷ್ಟು ಆವಿ ಹೋಗುತ್ತದೆ. ಆಮೇಲೆ ಸಿಪ್ಪೆಯ ಬಳೆಯನ್ನು ಒಂದು ಕಡೆ ಕತ್ತರಿಸಿ ಬಿಚ್ಚಿ, ಬೆರಳಿನಿಂದಲೋ ಫೋರ್ಕಿನಿಂದಲೋ ತಿರುಳನ್ನು ಸುತ್ತಿನ ದಿಕ್ಕಿಗೇ ಎಳೆದರೆ ಗೇಣುದ್ದದ ಎಳೆಗಳು ಬರುತ್ತವೆ. ಅಡ್ಡಕ್ಕೆ ಕೆರೆಯಬಾರದು, ಕೆರೆದರೆ ಪುಡಿ.

ಇನ್ನು ಸಾಸ್. ಇಟಲಿಯ ಅಡುಗೆಯವರು ಪಾಸ್ತಾ ಬೇಯಿಸಿದ ಮಬ್ಬು ನೀರನ್ನು ಒಂದು ಸೌಟು ಉಳಿಸಿಕೊಂಡು ಸಾಸಿಗೆ ಬೆರೆಸುತ್ತಾರೆ. ಆ ನೀರಿನಲ್ಲಿರುವ ಗೋಧಿಯ ಪಿಷ್ಟ ಎಣ್ಣೆ ಮತ್ತು ನೀರನ್ನು ಒಂದಾಗಿ ಹಿಡಿದು, ಸಾಸನ್ನು ಎಳೆಗೆ ಅಂಟಿಸುತ್ತದೆ. ಕುಂಬಳದ ಎಳೆಯಲ್ಲಿ ಹೇಳಿಕೊಳ್ಳುವಷ್ಟು ಪಿಷ್ಟವಿಲ್ಲ. ಮೇಲೆ ಸುರಿದ ಸಾಸನ್ನು ಹಿಡಿದುಕೊಳ್ಳುವ ಬದಲು ಅದು ಇನ್ನಷ್ಟು ನೀರನ್ನು ಬಿಟ್ಟುಕೊಡುತ್ತದೆ. ಅಂದರೆ ಇಲ್ಲಿ ಸಾಸ್ ತನ್ನ ಹಿಡಿತವನ್ನು ತಾನೇ ತರಬೇಕು. ಹಣ್ಣು ಒದಗುವುದು ಇಲ್ಲೇ. ಕುಂಬಳದಲ್ಲಿ ಕರಗಿಹೋದ ಪೆಕ್ಟಿನ್ ಹಣ್ಣಿನ ಸಾಸಿನಲ್ಲಿ ಹುಳಿ ಮತ್ತು ಸಕ್ಕರೆಯ ಜೊತೆ ಸೇರಿ ಮಂದವಾಗುತ್ತದೆ. ಜಾಮ್ ಗಟ್ಟಿಯಾಗುವುದು ಇದೇ ಗುಣದಿಂದ. ಜೊತೆಗೆ ಹಣ್ಣಿನ ಹುಳಿ, ಸ್ವಂತದ ಸಿಹಿಯೂ ಹುಳಿಯೂ ಹೆಚ್ಚಿಲ್ಲದ ಕಾಯಿಗೆ ಬೇಕಾದ ಚುರುಕು ಕೊಡುತ್ತದೆ.

ಹಣ್ಣಿನ ಸಾಸ್ ಎಂದೊಡನೆ ಮೂಗು ಮುರಿಯುವವರಿಗೆ ಒಂದು ಮಾತು: ಟೊಮೆಟೊ ಕೂಡ ಹಣ್ಣೇ. 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಿಕ್ಸ್ ವಿರುದ್ಧ ಹೆಡನ್ ಪ್ರಕರಣದಲ್ಲಿ, ಸಸ್ಯಶಾಸ್ತ್ರ ಏನೇ ಹೇಳಲಿ, ಸುಂಕದ ಮಟ್ಟಿಗೆ ಟೊಮೆಟೊ ತರಕಾರಿ ಎಂದು ತೀರ್ಪು ಕೊಟ್ಟಿತು. ಅದೇ ಶಾಸ್ತ್ರದ ಪ್ರಕಾರ ಕುಂಬಳವೂ ಹಣ್ಣೇ.

ಸ್ಪಗೆಟಿ ಸ್ಕ್ವಾಷ್ ಮಾರುಕಟ್ಟೆಗೆ ಬರುವ ಹೊತ್ತಿಗೇ ಉತ್ತರ ಅಮೆರಿಕದ ಇನ್ನೊಂದು ಬೆಳೆ ಕೊಯ್ಲಿಗೆ ಬರುತ್ತದೆ: ಕ್ರ್ಯಾನ್‌ಬೆರಿ. ವಿಸ್ಕಾನ್ಸಿನ್ ಒಂದೇ ರಾಜ್ಯ ದೇಶದ ಅರ್ಧಕ್ಕೂ ಹೆಚ್ಚು ಬೆಳೆ ಕೊಡುತ್ತದೆ. ಗದ್ದೆಗೆ ನೀರು ಕಟ್ಟಿ, ಗಿಡಗಳನ್ನು ಕಲಕಿ, ತೇಲಿಬಂದ ಕೆಂಪು ಹಣ್ಣನ್ನು ಒಂದು ಮೂಲೆಗೆ ಬಳಿದುಕೊಳ್ಳುವ ಕೊಯ್ಲು ಅದು. ಹಣ್ಣು ತೇಲುವುದು ಒಳಗಿನ ಗಾಳಿಯ ಗೂಡುಗಳಿಂದ. ಹಸಿಯಾಗಿ ಬಾಯಿಗೆ ಹಾಕಿಕೊಂಡರೆ ಮುಖ ಕಿವುಚಿಕೊಳ್ಳುವಷ್ಟು ಹುಳಿ, ಸ್ವಲ್ಪ ಒಗರು. ನೆಲ್ಲಿಕಾಯಿ, ಎಳೆ ಮಾವಿನಕಾಯಿ ಸಿಗದ ಊರುಗಳಲ್ಲಿ ಭಾರತೀಯರ ಮನೆಗಳು ಈ ಹಣ್ಣನ್ನು ಉಪ್ಪಿನಕಾಯಿಗೂ ತೊಕ್ಕಿಗೂ ಒಗ್ಗಿಸಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದ ಅಂಗಡಿಗಳಲ್ಲಿ ಇದು ಸಾಮಾನ್ಯವಾಗಿ 340 ಗ್ರಾಮಿನ ಚೀಲದಲ್ಲಿ ಬರುತ್ತದೆ. ಚೀಲದ ಬೆನ್ನಿಗೆ ಒಂದು ಕಪ್ ನೀರು, ಒಂದು ಕಪ್ ಸಕ್ಕರೆ ಎಂಬ ಪಾಕವಿಧಾನ ಇರುತ್ತದೆ. ಅದು ನವೆಂಬರಿನ ನಾಲ್ಕನೆಯ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಟರ್ಕಿ ಕೋಳಿಯ ಪಕ್ಕದಲ್ಲಿ ಒಂದು ಚಮಚ ಬಡಿಸುವ ಸಾಸಿನ ಲೆಕ್ಕ. ಕುಂಬಳದ ಎಳೆಗೆ ಅಷ್ಟು ಸಿಹಿ ಸಲ್ಲದು. ಅರ್ಧ ಚೀಲ ಹಣ್ಣಿಗೆ ಒಂದು ಕಿತ್ತಳೆಯ ರಸ, ಅದರ ಸಿಪ್ಪೆಯ ಸ್ವಲ್ಪ ತುರಿ, ಮೂರು ದೊಡ್ಡ ಚಮಚ ಬೆಲ್ಲ ಅಥವಾ ಕಂದು ಸಕ್ಕರೆ ಸಾಕು. ಬಾಣಲೆಯಲ್ಲಿ ಬೆಣ್ಣೆ ಕರಗಿಸಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಶುಂಠಿ ಬಾಡಿಸಿ, ಹಣ್ಣು ಸುರಿದು ರಸ ಹೊಯ್ದರೆ ಮೂರು ನಾಲ್ಕು ನಿಮಿಷದಲ್ಲಿ ಹಣ್ಣುಗಳು ಪಟಪಟ ಸಿಡಿಯಲು ತೊಡಗುತ್ತವೆ. ಅರ್ಧದಷ್ಟು ಸಿಡಿದ ಮೇಲೆ ಉಪ್ಪು, ಬೆಲ್ಲ, ಕುಟ್ಟಿದ ಒಣಮೆಣಸು, ಚಿಟಿಕೆ ದಾಲ್ಚಿನ್ನಿ ಪುಡಿ. ಸೌಟಿನಿಂದ ಬಾಣಲೆಯ ತಳಕ್ಕೆ ಗೆರೆ ಎಳೆದರೆ ಆ ಗೆರೆ ಕ್ಷಣಕಾಲ ತೆರೆದೇ ನಿಂತು ಆಮೇಲೆ ಮುಚ್ಚಿಕೊಳ್ಳಬೇಕು. ಅದೇ ಹದ. ಆರಿದಾಗ ಇನ್ನೂ ಗಟ್ಟಿಯಾಗುವುದರಿಂದ ಅದಕ್ಕಿಂತ ಮುಂದೆ ಕಾಯಿಸಬಾರದು. ಕ್ರ್ಯಾನ್‌ಬೆರಿ ಸಿಗದಿದ್ದರೆ ಹುಳಿ ಸೇಬು ನಡೆಯುತ್ತದೆ, ಪೆಕ್ಟಿನ್ ಅದರಲ್ಲೂ ಧಾರಾಳ. ಒಣಗಿಸಿದ ಕ್ರ್ಯಾನ್‌ಬೆರಿಯನ್ನು ಸಾಸಿಗೆ ಬಳಸುವುದು ಅಷ್ಟು ಸರಿಬಾರದು, ಅದಕ್ಕೆ ಸಾಮಾನ್ಯವಾಗಿ ಸಕ್ಕರೆ ಬೆರೆಸಿಯೇ ಮಾರುತ್ತಾರೆ.

ಸಾಸನ್ನು ಯಾವಾಗ ಸೇರಿಸಬೇಕು ಎಂಬುದರಲ್ಲೂ ಒಂದು ಕಟ್ಟುಪಾಡಿದೆ. ಕುಂಬಳದ ಮೇಲೆ ಹುಳಿ ಸಾಸ್ ಸುರಿದು ಒಟ್ಟಿಗೇ ಓವನ್ನಿಗೆ ಇಡುವವರಿದ್ದಾರೆ. ಹುಳಿಯಲ್ಲಿ ಪೆಕ್ಟಿನ್ ಬೇಗ ಕರಗುವುದಿಲ್ಲ, ಹಾಗಾಗಿ ಎಳೆ ಬಿಡಿಸಿಕೊಳ್ಳದೆ ಕಾಯಿ ಗಟ್ಟಿಯಾಗಿಯೇ ಉಳಿಯುತ್ತದೆ. ಬೇಳೆ, ತರಕಾರಿ ಬೆಂದ ಮೇಲೆಯೇ ಹುಣಸೆರಸ ಹಾಕು ಎಂದು ನಮ್ಮ ಅಡುಗೆಮನೆಗಳಲ್ಲಿ ಹಿರಿಯರು ಹೇಳಿಕೊಡುವುದು ಇದೇ ಕಾರಣಕ್ಕೆ. ಇಲ್ಲೂ ಹಾಗೆಯೇ: ಬಿಸಿ ಎಳೆಗೆ ಮೊದಲು ಒಂದು ಚಮಚ ಬೆಣ್ಣೆ ಅಥವಾ ಎಣ್ಣೆ ಸವರಿ, ತಟ್ಟೆಗೆ ಹಾಕಿದ ಮೇಲೆ ಸಾಸ್ ಇಡಬೇಕು. ಕಲಸಿ ಇಟ್ಟರೆ ಉಪ್ಪು-ಸಕ್ಕರೆ ಎಳೆಯ ನೀರನ್ನು ಹೊರಗೆಳೆದು, ಮಾಡಿದ ಕೆಲಸವೆಲ್ಲ ನೀರಾಗುತ್ತದೆ. ಮೇಲೆ ಹುರಿದ ಅಕ್ರೋಟು, ಪುಡಿ ಮಾಡಿದ ಮೇಕೆ ಹಾಲಿನ ಚೀಸ್, ಬೆಣ್ಣೆಯಲ್ಲಿ ಗರಿಗರಿ ಕರಿದ ಸೇಜ್ ಎಲೆ ಹಾಕುವುದು ಅಲ್ಲಿನ ರೂಢಿ. ಅಕ್ರೋಟು ಬಿಡಬಾರದು. ಮೆತ್ತನೆ ಎಳೆ, ಮಂದ ಸಾಸಿನ ನಡುವೆ ಹಲ್ಲಿಗೆ ಕೆಲಸ ಕೊಡುವುದು ಅದೊಂದೇ.

ಇಷ್ಟು ತಿಳಿದ ಮೇಲೆ ಕರಾವಳಿಯ ಅನಾನಸ್ ಮೆಣಸ್ಕಾಯಿಯನ್ನು ಇದರ ಪಕ್ಕ ಇಟ್ಟು ನೋಡಬಹುದು. ಅನಾನಸಿನಲ್ಲಿ ಪೆಕ್ಟಿನ್ ತೀರ ಕಡಿಮೆ. ಎಷ್ಟು ಕುದಿಸಿದರೂ ಅದರ ರಸ ತಾನಾಗಿ ಮಂದವಾಗದು. ಉಡುಪಿ, ದಕ್ಷಿಣ ಕನ್ನಡದ ಅಡುಗೆಯವರು ಆ ಕೊರತೆಯನ್ನು ಮಸಾಲೆಯಿಂದ ತುಂಬಿದ್ದಾರೆ. ಉದ್ದಿನಬೇಳೆ ಕೆಂಪಗೆ, ಎಳ್ಳು ಚಟಪಟ ಎನ್ನುವ ತನಕ ಬೇರೆ ಬೇರೆಯಾಗಿ ಹುರಿದು, ಬ್ಯಾಡಗಿ ಮೆಣಸು, ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿದ ಮಸಾಲೆ ಅದು. ಉದ್ದಿನಬೇಳೆಯ ಪಿಷ್ಟ, ಎಳ್ಳಿನ ಎಣ್ಣೆ, ತೆಂಗಿನ ಕೊಬ್ಬು ಮೂರೂ ಸೇರಿ, ಪೆಕ್ಟಿನ್ ಮಾಡಬೇಕಿದ್ದ ಕೆಲಸ ಮಾಡುತ್ತವೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಬ್ಯಾಡಗಿಯ ಹೆಗ್ಗಳಿಕೆ. ಹಾಗಾಗಿ ಗೊಜ್ಜು ಕೆಂಪೇರಿದರೂ ಹಣ್ಣಿನ ಸಿಹಿ ಖಾರದಡಿ ಹೂತುಹೋಗದು. ಬನವಾಸಿ ಸುತ್ತಿನ ಹೊಲಗಳ ಅನಾನಸ್ಸಾದರೇನು, ಅಮೆರಿಕದ ಅಂಗಡಿಗೆ ಕೋಸ್ಟರಿಕಾದಿಂದ ಬರುವ ಅನಾನಸ್ಸಾದರೇನು, ಈ ಮಸಾಲೆ ಎರಡಕ್ಕೂ ಹೊಂದುತ್ತದೆ.

ಸ್ಪಗೆಟಿ ಸ್ಕ್ವಾಷಿಗೆ ಮಾಡುವಾಗ ಒಂದೇ ತಿದ್ದುಪಡಿ. ಅನ್ನಕ್ಕೆ ಕಲಸಿಕೊಳ್ಳುವ ಮೆಣಸ್ಕಾಯಿಗಿಂತ ಇದು ಗಟ್ಟಿ ಇರಬೇಕು. ಅರ್ಧ ಅನಾನಸಿನ ಸಣ್ಣ ಹೋಳುಗಳನ್ನು ಅರಿಸಿನ, ಉಪ್ಪು, ಬೆಲ್ಲ ಹಾಕಿ ತನ್ನ ರಸದಲ್ಲೇ ಬೇಯಿಸಿ, ಹುಣಸೆರಸ ಅರ್ಧಕ್ಕೆ ಇಳಿಸಿ, ರುಬ್ಬಿದ ಮಸಾಲೆ ಸೇರಿಸಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಕುದಿಸಿದರೆ ಸಾಕು. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆಯನ್ನು ಗೊಜ್ಜಿಗೆ ಹಾಕುವ ಬದಲು ಹುರಿದ ಎಳೆಯ ಮೇಲೆಯೇ ಹಾಕಿ ಕೈಯಾಡಿಸುವುದು ಇನ್ನೂ ಮೇಲು. ಎಣ್ಣೆ ಎಳೆಗೆ ಹತ್ತಿ, ಸಾಸಿವೆಯ ಕಾಳು ಎಳೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವರು ಇದನ್ನೇ ನಿಂಬೆರಸ ಹಿಂಡಿ ಶಾವಿಗೆ ಉಪ್ಪಿಟ್ಟಿನ ಬದಲಿಗೆ ಬೆಳಗಿನ ತಿಂಡಿ ಮಾಡುತ್ತಾರೆ. ಅದು ಅಷ್ಟಕ್ಕಷ್ಟೇ. ಗೊಜ್ಜಿನ ಜೊತೆ ಗೆಲ್ಲುವಷ್ಟು ನಿಂಬೆರಸದ ಜೊತೆ ಇದು ಗೆಲ್ಲುವುದಿಲ್ಲ, ಯಾಕೆಂದರೆ ನಿಂಬೆರಸ ಅಂಟುವುದಿಲ್ಲ, ಇಳಿದುಹೋಗುತ್ತದೆ.

ಹಾಗಾದರೆ ಊರಿನ ಸಿಹಿಗುಂಬಳದಲ್ಲಿ ಇದು ಆಗದೆ? ಎಳೆ ಬರುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್‌ನಂಥ ತಳಿಗಳು ಮಾಸ್ಕೇಟಾ ಎಂಬ ಬೇರೆ ಜಾತಿಯವು, ಅವುಗಳ ತಿರುಳು ಬೆಂದರೆ ನುಣ್ಣಗಾಗುತ್ತದೆ. ದಪ್ಪ ಹೋಳು ಮಾಡಿ ಹೀಗೆಯೇ ಹುರಿದು ಮೆಣಸ್ಕಾಯಿ ಜೊತೆ ತಿನ್ನಬಹುದು, ರುಚಿಯಲ್ಲಿ ಸ್ಪಗೆಟಿ ಸ್ಕ್ವಾಷಿಗಿಂತ ಅದೇ ಮೇಲಿರುತ್ತದೆ ಎಂದರೂ ತಪ್ಪಿಲ್ಲ. ಎಳೆಯ ಮೋಜು ಮಾತ್ರ ಇರದು.

ಎಳೆಯ ಮೋಜಿಗೆ ಬೇರೆ ದೇಶಗಳವರು ಬೇರೆ ದಾರಿ ಹಿಡಿದಿದ್ದಾರೆ. ಶಾಂಘೈ ಪಕ್ಕದ ಚೊಂಗ್‌ಮಿಂಗ್ ದ್ವೀಪದಲ್ಲಿ ಇದೇ ಬಗೆಯ ಕುಂಬಳ ಹೆಸರುವಾಸಿ ಬೆಳೆ. ಅಲ್ಲಿ ಅದನ್ನು ಬೇಯಿಸಿ, ತಣಿಸಿ, ಜೆಲ್ಲಿಮೀನಿನ ಎಳೆಗಳ ಜೊತೆ ಕಲಸಿ ತಣ್ಣಗೆ ತಿನ್ನುತ್ತಾರೆ. ಜಪಾನಿನಲ್ಲಿ ಬಿಲ್ಲೆಗಳನ್ನು ಕುದಿಸಿ ತಣ್ಣೀರಿನಲ್ಲಿ ಮುಳುಗಿಸಿ, ನೀರಿನಲ್ಲೇ ಬೆರಳಾಡಿಸಿ ಎಳೆ ಬಿಡಿಸಿ, ವಿನಿಗರ್ ಬೆರೆಸಿ ಬಡಿಸುತ್ತಾರೆ. ಇಬ್ಬರಿಗೂ ಇದು ನೂಡಲ್ಸಿನ ಬದಲಿಯಲ್ಲ, ಬಾಯಿಗೆ ಕರುಕುರು ಕೊಡುವ ಕೋಸಂಬರಿಯ ಬಗೆ. ಸ್ಪೇನಿನಲ್ಲಿ ಇದರ ದಾಯಾದಿಯೊಂದನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ, ಎಳೆಎಳೆಯಾದ ಹೊಂಬಣ್ಣದ ಮುರಬ್ಬ ಮಾಡಿ, ಮಯೋರ್ಕಾ ದ್ವೀಪದ ಎನ್ಸೈಮಾದಾ ಎಂಬ ಸುರುಳಿ ಬ್ರೆಡ್ಡಿನೊಳಗೆ ತುಂಬುತ್ತಾರೆ. ಆ ದಾಯಾದಿಗೆ ಇಂಗ್ಲಿಷಿನಲ್ಲಿ ಮಲಬಾರ್ ಗೋರ್ಡ್ ಎಂಬ ಹೆಸರೂ ಉಂಟು. ಹುಟ್ಟಿದ್ದು ಮಾತ್ರ ಅಮೆರಿಕ ಖಂಡದಲ್ಲಿ.

ಸ್ಪಗೆಟಿ ಸ್ಕ್ವಾಷ್ ಈಗ ಅಮೆರಿಕದಲ್ಲಿ ಇಷ್ಟು ಮಾರಾಟವಾಗಲು ರುಚಿಯೇ ಕಾರಣ ಎನ್ನುವುದು ಕಷ್ಟ. ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಬರೆದ ಪಥ್ಯದ ಪುಸ್ತಕ ಹಚ್ಚಿದ ಪಿಷ್ಟದ ಭಯ ಈ ಶತಮಾನದ ಮೊದಲ ವರ್ಷಗಳಲ್ಲಿ ಮತ್ತೆ ಭುಗಿಲೆದ್ದಿತು, ಅದರ ಹಿಂದೆಯೇ ಗೋಧಿಯ ಗ್ಲೂಟನ್ ಬಿಡುವವರ ಸಾಲು ಬಂತು. ಒಂದು ಕಪ್ ಬೆಂದ ಪಾಸ್ತಾದಲ್ಲಿ ಸುಮಾರು 220 ಕ್ಯಾಲೊರಿ, 43 ಗ್ರಾಂ ಕಾರ್ಬೊಹೈಡ್ರೇಟ್ ಇದ್ದರೆ, ಒಂದು ಕಪ್ ಸ್ಪಗೆಟಿ ಸ್ಕ್ವಾಷಿನಲ್ಲಿ 42 ಕ್ಯಾಲೊರಿ, 10 ಗ್ರಾಂ. ಲೆಕ್ಕ ಆಕರ್ಷಕವಾಗಿಯೇ ಇದೆ. ಆದರೆ ಪಾಸ್ತಾದ ಎಂಟು ಗ್ರಾಂ ಪ್ರೋಟೀನಿನ ಎದುರು ಇದರಲ್ಲಿ ಒಂದೇ ಗ್ರಾಂ. ಇದನ್ನಷ್ಟೇ ತಿಂದು ಎದ್ದವರಿಗೆ ಗಂಟೆಯೊಳಗೆ ಹಸಿವಾಗುವುದು ಸಹಜ. ಪಕ್ಕದಲ್ಲಿ ಕಡಲೆಕಾಳೋ ಪನ್ನೀರೋ ಇರಲೇಬೇಕು. ಇನ್ನು, ಚೀಲದ ಹಿಂದಿನ ಪಾಕವಿಧಾನದಂತೆ ಒಂದು ಕಪ್ ಸಕ್ಕರೆ ಸುರಿದರೆ ಅದೊಂದರಲ್ಲೇ 770 ಕ್ಯಾಲೊರಿ. ಪಾಸ್ತಾ ಬಿಟ್ಟ ಪುಣ್ಯವನ್ನು ಸಾಸಿನಲ್ಲಿ ಕಳೆದುಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ.

ಬೀಜದ ಮಾತು ಬಾಕಿ ಇದೆ. ಜಿಬರು ತೊಳೆದು, ಒರೆಸಿ, ಎಣ್ಣೆ ಉಪ್ಪು ಮೆಣಸಿನಪುಡಿ ಸವರಿ, ಓವನ್ನಿನ ಬಿಸಿ 160 ಡಿಗ್ರಿಗೆ ಇಳಿದ ಮೇಲೆ ಕಾಲು ಗಂಟೆ ಇಟ್ಟರೆ ಸಿಪ್ಪೆ ಸಮೇತ ತಿನ್ನಬಹುದು, ಅಕ್ರೋಟಿನ ಬದಲಿಗೆ ಇವನ್ನೇ ಉದುರಿಸಲೂಬಹುದು. ಕೆಲವರಿಗೆ ಅದನ್ನು ಕೈತೋಟದಲ್ಲಿ ನೆಡುವ ಆಸೆ. ನೆಟ್ಟರೆ ಬಳ್ಳಿ ಏಳುತ್ತದೆ, ಸುಮಾರು ನೂರು ದಿನಕ್ಕೆ ಕಾಯೂ ಬಲಿಯುತ್ತದೆ. ಆದರೆ ಯಾವ ಕಾಯಿ ಎಂದು ಹೇಳಲಾಗದು. ಒಂದೇ ಜಾತಿಯ ಝುಕೀನಿ, ಅಲಂಕಾರದ ಪುಟ್ಟ ಸೋರೆಗಳ ಪರಾಗವನ್ನು ಜೇನುನೊಣ ತಂದು ಬೆರೆಸಿಬಿಟ್ಟಿರುತ್ತದೆ. ಅಂಗಡಿಯ ಕಾಯಿ ಹೈಬ್ರಿಡ್ ಆಗಿದ್ದರಂತೂ ಮಗಳು ತಾಯಿಯನ್ನು ಹೋಲುವ ಭರವಸೆಯೇ ಇಲ್ಲ.

ಹೋಲದಿದ್ದರೆ ನಷ್ಟವಿಲ್ಲ, ಕಹಿಯಾದರೆ ಅಪಾಯ. ಅಲಂಕಾರದ ಸೋರೆಗಳಲ್ಲಿ ಕಾಡು ಕುಂಬಳದ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಇನ್ನೂ ಉಳಿದಿದೆ, ಬೆರಕೆ ಕಾಯಿಯಲ್ಲಿ ಅದು ಮರಳಿ ಬರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ. ವಾಂತಿ, ಭೇದಿ ಅದರ ಸಾಮಾನ್ಯ ಲಕ್ಷಣ. 2018ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಫಿಲಿಪ್ ಅಸೂಲಿ, ಕಹಿ ಕುಂಬಳದ ಅಡುಗೆ ತಿಂದು ಕೆಲವು ವಾರಗಳ ನಂತರ ತಲೆಗೂದಲು ಉದುರಿದ ಇಬ್ಬರು ಮಹಿಳೆಯರ ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಭಾರತದಲ್ಲಿ ಕಹಿ ಸೋರೆಕಾಯಿಯ ರಸ ಕುಡಿದವರ ಸಾವುಗಳು ವರದಿಯಾದಾಗ ಐಸಿಎಂಆರ್ ಪರಿಣತರ ಸಮಿತಿ ನೇಮಿಸಿ, ಕಹಿ ಇದ್ದರೆ ಕುಡಿಯಬೇಡಿ ಎಂದು ಎಚ್ಚರಿಸಬೇಕಾಗಿ ಬಂತು. ಸೌತೆ, ಹೀರೆ, ಸೋರೆ ಹೆಚ್ಚುವಾಗ ತೊಟ್ಟಿನ ಕಡೆಯ ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು ಕರ್ನಾಟಕದ ಮನೆಗಳಲ್ಲಿ ವಾಡಿಕೆ. ಸ್ಪಗೆಟಿ ಸ್ಕ್ವಾಷಿಗೂ ಅದನ್ನೇ ಮಾಡಬೇಕು, ಓವನ್ ಬಿಸಿಯಾಗುವ ಮೊದಲೇ. ಕಹಿ ತಾಗಿದರೆ ಕಾಯಿ ನೇರ ಕಸದ ಬುಟ್ಟಿಗೆ, ಬೀಜ ಸಮೇತ.